ಊಹಿಸಬೇಕೇ, ನಿಘಂಟು ತೆರೆಯಬೇಕೇ? ಓದುವಾಗ ಗೊತ್ತಿಲ್ಲದ ಪದ ಎದುರಾದರೆ

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾವು ಮುಧೋಳ ತಾಲ್ಲೂಕಿನವರು. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಗಟ್ಟಿಯಾಗಿ ಓದು ಎಂದರೆ ಎಲ್ಲಿಯೂ ತಡವರಿಸದೆ ಓದುತ್ತಾಳೆ. ಓದಿದ್ದರ ಅರ್ಥವೇನೆಂದು ಕೇಳಿದರೆ ಸುಮ್ಮನಾಗುತ್ತಾಳೆ. ಗೊತ್ತಿಲ್ಲದ ಪದ ಬಂದಾಗ ಹಿಂದು ಮುಂದಿನ ಸಾಲು ನೋಡಿ ಊಹಿಸಬೇಕು, ನಿಘಂಟು ಮುಟ್ಟಬಾರದು ಎಂದು ಶಾಲೆಯಲ್ಲಿ ಹೇಳಿದ್ದಾರಂತೆ. ನಮ್ಮ ಮಾವನವರು ಒಂದೊಂದು ಪದಕ್ಕೂ ಅರ್ಥಕೋಶ ನೋಡಲೇಬೇಕೆಂದು ಎದುರಿಗೆ ಕೂಡಿಸಿಕೊಳ್ಳುತ್ತಾರೆ. ಎರಡು ಪುಟ ಮುಗಿಯುವಷ್ಟರಲ್ಲಿ ಅವಳಿಗೆ ಸಾಕಾಗಿ ಹೋಗುತ್ತದೆ. ನನ್ನ ತವರು ಮಿರಜ ಕಡೆಯದಾದ್ದರಿಂದ ಅವಳಿಗೆ ಮರಾಠಿಯೂ ಬರುತ್ತದೆ. ಮೊನ್ನೆ ಪತ್ರಿಕೆಯಲ್ಲಿ ‘ಕೊಲೆ ಪ್ರಕರಣ: ಆರೋಪಿ ಖುಲಾಸೆ’ ಎಂಬ ತಲೆಬರಹ ಓದಿ, ಆರೋಪಿ ಏನೋ ವಿವರಣೆ ಕೊಟ್ಟಿದ್ದಾನೆ ಎಂದಳು. ಇನ್ನೊಂದು ಸುದ್ದಿಯಲ್ಲಿ ‘ಬೆಳೆ ಕಮರಿ’ ಎಂದಿದ್ದುದಕ್ಕೆ ಮೊಬೈಲಿನಲ್ಲಿ ಅರ್ಥ ನೋಡಿ ‘ಆಳವಾದ ಕಣಿವೆ’ ಎಂದು ಬರೆದುಕೊಂಡಿದ್ದಾಳೆ. ನಾವು ಮನೆಯಲ್ಲಿ ಆಡುವ ಹಳ್ಳಿಯ ಕನ್ನಡದಿಂದಲೇ ಹೀಗಾಗುತ್ತಿದೆ ಎಂದು ಕೆಲವರು ಹೇಳುತ್ತಾರೆ. ನಾವು ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗಳು ಓದುತ್ತಾಳೆ, ಆದರೆ ಅರ್ಥ ಹಿಡಿಯುತ್ತಿಲ್ಲ. ಶಾಲೆಯ ಮಾತಿಗೂ ಮನೆಯ ಹಿರಿಯರ ಮಾತಿಗೂ ತಾಳೆಯಾಗುತ್ತಿಲ್ಲ. ಇದಕ್ಕೆಲ್ಲ ನಮ್ಮ ಮನೆಯ ಮಾತೇ ಕಾರಣವೇನೋ ಎಂಬ ಅಳುಕು ನಿಮ್ಮನ್ನು ಒಳಗೊಳಗೇ ಕಾಡುತ್ತಿದೆ. ಮೂವತ್ತಕ್ಕೂ ಹೆಚ್ಚು ವರ್ಷ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕನ್ನಡ ಕಲಿಸಿದ ನನಗೆ ಈ ಮೂರೂ ಚಿಂತೆಗಳು ಪರಿಚಿತವಾದವು. ಮೊದಲು ನೀವು ಕೊಟ್ಟ ಎರಡು ಉದಾಹರಣೆಗಳನ್ನೇ ನೋಡೋಣ. ‘ಖುಲಾಸೆ’ಗೆ ಅವಳು ಅರ್ಥವನ್ನು ಊಹಿಸಿದಳು, ಊಹೆ ತಪ್ಪಿತು. ‘ಕಮರಿ’ಗೆ ಅವಳು ನಿಘಂಟು ನೋಡಿದಳು, ನಿಘಂಟಿನಲ್ಲಿದ್ದ ಅರ್ಥ ಸರಿಯಾಗಿಯೇ ಇತ್ತು, ಆದರೂ ಆ ವಾಕ್ಯಕ್ಕೆ ಅದು ಹೊಂದಲಿಲ್ಲ. ಅಂದರೆ ಶಾಲೆಯವರು ತೋರಿಸಿದ ದಾರಿಯಲ್ಲಿ ಒಮ್ಮೆ, ಮಾವನವರು ತೋರಿಸಿದ ದಾರಿಯಲ್ಲಿ ಒಮ್ಮೆ ಅವಳು ಎಡವಿದ್ದಾಳೆ. ಎರಡೂ ದಾರಿಗಳು ಅವಳಿಗೆ ಬೇಕು. ಯಾವುದನ್ನು ಮೊದಲು ಹಿಡಿಯಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವ ಮುನ್ನ ಏನನ್ನು ಪರೀಕ್ಷಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಇದುವರೆಗೆ ಯಾರೂ ಅವಳಿಗೆ ಕೈಹಿಡಿದು ತೋರಿಸಿಲ್ಲ.

ತಡವರಿಸದೆ ಓದುವವಳಿಗೆ ಅರ್ಥ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ನಮ್ಮ ಲಿಪಿಯಲ್ಲಿಯೇ ಅರ್ಧ ಉತ್ತರವಿದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಕಾಗುಣಿತ ಮತ್ತು ಒತ್ತಕ್ಷರ ಬಂದ ಮಗು ತಾನೆಂದೂ ಕೇಳಿರದ ಪದವನ್ನು ಕೂಡ ಸರಿಯಾಗಿ ಉಚ್ಚರಿಸಬಲ್ಲದು. ಇಂಗ್ಲಿಷ್ ಓದುವ ಮಗು ಗೊತ್ತಿಲ್ಲದ ಪದದ ಮುಂದೆ ನಿಂತುಬಿಡುತ್ತದೆ. ಅದರ ತೊಂದರೆ ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ. ನಮ್ಮ ಮಕ್ಕಳು ನಿಲ್ಲುವುದಿಲ್ಲ. ‘ನಿರ್ಲಿಪ್ತ’, ‘ಔದಾರ್ಯ’, ‘ಕಂಗಾಲು’ ಎಲ್ಲವನ್ನೂ ಒಂದೇ ಓಟದಲ್ಲಿ ಓದಿ ಮುಂದಕ್ಕೆ ಹೋಗುತ್ತಾರೆ. ಕೇಳುವ ನಾವು ಓದು ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಹೀಗೆ ಗಟ್ಟಿ ಓದಿನ ಚೆಲುವಿನ ಅಡಿಯಲ್ಲಿ ಅರ್ಥದ ಕೊರತೆ ಅನೇಕ ವರ್ಷ ಮುಚ್ಚಿಕೊಂಡಿರುತ್ತದೆ. ನಿಮ್ಮ ಮಗಳದ್ದು ಇಂಥ ಕೊರತೆಯೇ ಎಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆಯಿದೆ. ಅವಳು ಓದಿರದ ಒಂದು ಸಣ್ಣ ಪ್ಯಾರಾವನ್ನು ನೀವೇ ಓದಿ ಹೇಳಿ, ಏನು ತಿಳಿಯಿತು ಎಂದು ಕೇಳಿರಿ. ಅಷ್ಟೇ ಕಷ್ಟದ ಇನ್ನೊಂದನ್ನು ಅವಳೇ ಓದಲಿ. ಕೇಳಿದಾಗ ತಿಳಿದು, ತಾನೇ ಓದಿದಾಗ ತಿಳಿಯದಿದ್ದರೆ ಅವಳ ಗಮನವೆಲ್ಲ ಅಕ್ಷರ ಕೂಡಿಸುವುದರಲ್ಲಿ ಖರ್ಚಾಗುತ್ತಿದೆ ಎಂದರ್ಥ. ಆಗ ಬೇಕಾದುದು ಓದಿನ ಅಭ್ಯಾಸ. ಎರಡರಲ್ಲಿಯೂ ತಿಳಿಯದಿದ್ದರೆ ಪದಗಳದ್ದೋ ವಿಷಯದ್ದೋ ಪರಿಚಯ ಸಾಲದು ಎಂದರ್ಥ. ನೀವು ಬರೆದುದನ್ನು ನೋಡಿದರೆ ನಿಮ್ಮ ಮಗಳು ಎರಡನೆಯ ಗುಂಪಿಗೆ ಸೇರಿದವಳೆಂದು ನನಗೆ ಅನ್ನಿಸುತ್ತದೆ. ಮುಂದಿನ ಮಾತುಗಳನ್ನು ಅದನ್ನು ನಂಬಿ ಬರೆದಿದ್ದೇನೆ.

ಸಂದರ್ಭ ನೋಡಿ ಊಹಿಸಬೇಕೆಂಬ ಮಾತಿನಲ್ಲಿ ಸತ್ಯವಿದೆ. ನಾವೆಲ್ಲರೂ ಬಹುಪಾಲು ಪದಗಳನ್ನು ಯಾರೂ ಅರ್ಥ ಹೇಳದೆಯೇ, ಕೇಳಿ ಕೇಳಿ, ಓದಿ ಓದಿ ಕಲಿತವರು. ಆದರೆ ಎಲ್ಲ ವಾಕ್ಯಗಳೂ ಅರ್ಥವನ್ನು ಬಿಟ್ಟುಕೊಡುತ್ತವೆ ಎಂಬುದು ತಪ್ಪು ತಿಳಿವಳಿಕೆ. 1983ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಐಸಬೆಲ್ ಬೆಕ್ ಮತ್ತು ಅವರ ಸಂಗಡಿಗರು, ಕೆಲವು ವಾಕ್ಯಗಳು ಪದದ ಅರ್ಥಕ್ಕೆ ನೇರವಾಗಿ ಕೈ ತೋರುತ್ತವೆ, ಕೆಲವು ಅರೆಬರೆ ಹೇಳುತ್ತವೆ, ಕೆಲವು ಏನನ್ನೂ ಹೇಳುವುದಿಲ್ಲ, ಇನ್ನು ಕೆಲವು ದಾರಿಯನ್ನೇ ತಪ್ಪಿಸುತ್ತವೆ ಎಂದು ವಿಂಗಡಿಸಿ ತೋರಿಸಿದರು. ಈ ಕೊನೆಯ ಬಗೆಯೇ ಅಪಾಯದ್ದು. ನಾನು ತರಗತಿಯಲ್ಲಿ ಕೊಡುತ್ತಿದ್ದ ಒಂದು ವಾಕ್ಯವನ್ನು ನೋಡಿ: ‘ಊರಿನ ಜನರೆಲ್ಲ ಅವನನ್ನು ಹಾಡಿ ಹೊಗಳಿ, ಪೇಟ ತೊಡಿಸಿ, ಹಲಗೆಯ ಸದ್ದಿನಲ್ಲಿ ಮೆರವಣಿಗೆ ಮಾಡಿದರು, ಅವನು ಮಾತ್ರ ನಿರ್ಲಿಪ್ತನಾಗಿದ್ದನು.’ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಿರ್ಲಿಪ್ತ ಎಂದರೆ ಸಂತೋಷ ಎಂದೇ ಬರೆಯುತ್ತಿದ್ದರು. ಪೇಟ, ಮೆರವಣಿಗೆ, ಹಲಗೆ ಇವೆಲ್ಲವೂ ಅವರನ್ನು ಅತ್ತ ಎಳೆದೊಯ್ಯುತ್ತಿದ್ದವು. ‘ಮಾತ್ರ’ ಎಂಬ ಸಣ್ಣ ಪದ ವಾಕ್ಯವನ್ನು ತಿರುಗಿಸುತ್ತಿರುವುದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ, ಆದರೂ, ಬದಲಾಗಿ, ಹೊರತು, ಅಂದರೆ, ಹೀಗಾಗಿ ಎಂಬಂಥ ಪದಗಳು ಗೊತ್ತಿಲ್ಲದ ಪದಕ್ಕೆ ಇಟ್ಟ ಕೀಲಿಕೈಗಳು. ದೊಡ್ಡ ಪದದ ಮೇಲೆ ಕಣ್ಣಿಟ್ಟ ಮಗು ಈ ಚಿಕ್ಕವನ್ನು ದಾಟಿ ಹೋಗುತ್ತದೆ. ಆದ್ದರಿಂದ ‘ಊಹಿಸು’ ಎಂದು ಹೇಳಿ ಬಿಟ್ಟರೆ ಸಾಲದು. ‘ನಿನ್ನ ಊಹೆಗೆ ಈ ವಾಕ್ಯದ ಯಾವ ಪದ ಸಾಕ್ಷಿ?’ ಎಂದು ಕೇಳಬೇಕು. ಸಾಕ್ಷಿ ಸಿಗದಿದ್ದರೆ ಆ ಊಹೆಯನ್ನು ಪೆನ್ಸಿಲ್ಲಿನಲ್ಲಿ ಗುರುತಿಟ್ಟು, ಖಚಿತವಾಗುವವರೆಗೆ ಕಾಯಬೇಕು.

ಊಹೆಯಿಂದಲೇ ಪದಸಂಪತ್ತು ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಗೂ ಒಂದು ಮಿತಿಯಿದೆ. ಇಂಥ ಹಲವಾರು ಪ್ರಯೋಗಗಳ ಫಲಿತಾಂಶವನ್ನು ಡಚ್ ಸಂಶೋಧಕರಿಬ್ಬರು 1999ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಹಜವಾಗಿ ಓದಿಕೊಂಡು ಹೋಗುವ ವಿದ್ಯಾರ್ಥಿ ತನಗೆ ಗೊತ್ತಿಲ್ಲದ ನೂರು ಪದಗಳಲ್ಲಿ ಸುಮಾರು 15ನ್ನು ಮಾತ್ರ ಅಷ್ಟಿಷ್ಟು ಕಲಿಯುತ್ತಾನೆ ಎಂದು ಕಂಡುಬಂತು. ಹೆಚ್ಚು ಓದಿದವರಿಗೆ ಈ ಹದಿನೈದೇ ಸೇರಿ ಸೇರಿ ದೊಡ್ಡ ರಾಶಿಯಾಗುತ್ತದೆ. ದಿನಕ್ಕೆ ಎರಡು ಪುಟ ಓದುವವರಿಗೆ ಆಗುವುದಿಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಓದುವವರ ಕುರಿತ 2000ದ ಇನ್ನೊಂದು ಅಧ್ಯಯನ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ತಿಳಿದುಕೊಳ್ಳಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಪದಗಳು ಮೊದಲೇ ಗೊತ್ತಿರಬೇಕು ಎಂದು ಹೇಳಿತು. ಈ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಲಾಗದು. ನಮ್ಮಲ್ಲಿ ‘ಬರಲಾರದವರಿಗಾಗಿಯೂ’ ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಆದರೂ ಅದರ ತಾತ್ಪರ್ಯ ನಮಗೂ ಸಲ್ಲುತ್ತದೆ: ಸುತ್ತಲಿನ ಪದಗಳೆಲ್ಲ ಗೊತ್ತಿದ್ದರೆ ಮಾತ್ರ ಗೊತ್ತಿಲ್ಲದ ಒಂದನ್ನು ಊಹಿಸಬಹುದು.

ಈಗ ‘ಕಮರಿ’ಗೆ ಬರೋಣ, ಈ ಒಂದು ಪದದಲ್ಲಿ ಕಲಿಯುವುದು ಬಹಳ ಇದೆ. ಅವಳು ಓದಿದ ವಾಕ್ಯ ಹೆಚ್ಚುಕಡಿಮೆ ಹೀಗಿದ್ದಿರಬೇಕು: ‘ಮಳೆ ಕೈಕೊಟ್ಟಿದ್ದರಿಂದ ಬಿತ್ತಿದ ಬೆಳೆ ಕಮರಿ, ರೈತರು ಕಂಗಾಲಾಗಿದ್ದಾರೆ.’ ಇಲ್ಲಿ ‘ಕಮರಿ’ ಎಂಬುದು ಕ್ರಿಯಾಪದದ ರೂಪ. ಬಾಡು ಎಂಬುದರಿಂದ ಬಾಡಿ, ಒಣಗು ಎಂಬುದರಿಂದ ಒಣಗಿ ಆಗುವಂತೆ ಕಮರು ಎಂಬುದರಿಂದ ಕಮರಿ ಆಗಿದೆ; ಸೀದು ಬಾಡಿ ಹೋಗಿ ಎಂದು ಅದರ ಅರ್ಥ. ನಿಘಂಟಿನಲ್ಲಿ ‘ಕಮರಿ’ ಎಂದು ಹುಡುಕಿದರೆ ಸಿಗುವುದು ಕಂದಕ, ಪ್ರಪಾತ ಎಂಬ ಅರ್ಥದ ಬೇರೊಂದು ನಾಮಪದ. ಅವಳು ಹುಡುಕಬೇಕಾಗಿದ್ದುದು ‘ಕಮರು’ ಎಂಬ ಮೂಲರೂಪವನ್ನು. ನಿಘಂಟುಗಳಲ್ಲಿ ಪದಗಳು ಮೂಲರೂಪದಲ್ಲಿರುತ್ತವೆ. ವಾಕ್ಯದಲ್ಲಿ ಅವು ಬಾಲ ಹಚ್ಚಿಕೊಂಡು, ಕೆಲವೊಮ್ಮೆ ಮುಖವನ್ನೇ ಬದಲಿಸಿಕೊಂಡು ಬರುತ್ತವೆ. ‘ಇತ್ತನು’ ಎಂಬುದು ‘ಈ’ ಎಂಬ ಧಾತುವಿನಲ್ಲಿದೆ, ‘ಬೆಂದ’ ಎಂಬುದು ‘ಬೇಯು’ ಎಂಬುದರಲ್ಲಿದೆ ಎಂದು ತಿಳಿಯದ ಮಗುವಿಗೆ ನಿಘಂಟು ಕೊಡುವುದು, ಓಣಿ ಹೇಳದೆ ಬರೀ ಊರ ಹೆಸರು ಹೇಳಿ ಮನೆ ಹುಡುಕಲು ಕಳಿಸಿದಂತೆ.

ಆದ್ದರಿಂದ ನಿಘಂಟು ತೆರೆಯುವ ಮುನ್ನ ಅವಳು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲಿ. ಈ ಪದ ಯಾವುದೋ ವಸ್ತುವಿನ ಹೆಸರೇ, ಯಾರೋ ಮಾಡಿದ ಕೆಲಸವೇ, ಅಥವಾ ಏನೋ ಒಂದರ ಗುಣವೇ? ಇದರ ಬಾಲ ಕಳಚಿದರೆ ಏನು ಉಳಿಯುತ್ತದೆ? ಬೆಳೆಗೆ ಏನೋ ಆಗಿದೆ, ಅದೂ ಮಳೆ ಬಾರದ್ದರಿಂದ ಆಗಿದೆ ಎಂಬಷ್ಟನ್ನು ಮೊದಲೇ ಊಹಿಸಿಕೊಂಡು ಹೋದವಳಿಗೆ, ನಿಘಂಟಿನಲ್ಲಿ ಕಣಿವೆ ಎಂದು ಕಂಡ ಕೂಡಲೇ ಇದು ನನ್ನ ಪದವಲ್ಲ ಎಂದು ಹೊಳೆಯುತ್ತದೆ. ಮೂರು ನಾಲ್ಕು ಅರ್ಥಗಳಿರುವ ಪದಕ್ಕೂ ಇದೇ ಉಪಾಯ. ಒಂದೊಂದು ಅರ್ಥವನ್ನೂ ವಾಕ್ಯದೊಳಗೆ ಇಟ್ಟು ಓದಿ ನೋಡಬೇಕು. ಕೂಡ್ರದ ಅರ್ಥವನ್ನು ಬಿಡಬೇಕು. ಊಹೆ ನಿಘಂಟಿಗೆ ದಾರಿ ತೋರಿಸಬೇಕು, ನಿಘಂಟು ಊಹೆಯನ್ನು ತಿದ್ದಬೇಕು. ಮಾವನವರ ಮುಂದೆ ಈ ಮಾತನ್ನು ಇಟ್ಟರೆ ಅವರೂ ಒಪ್ಪುತ್ತಾರೆಂದು ನನಗೆ ವಿಶ್ವಾಸವಿದೆ, ಏಕೆಂದರೆ ಇಲ್ಲಿ ನಿಘಂಟನ್ನು ಯಾರೂ ಕಡೆಗಣಿಸುತ್ತಿಲ್ಲ.

ಯಾವ ನಿಘಂಟು ಎಂಬುದೂ ಮುಖ್ಯ. ಮೊಬೈಲಿನಲ್ಲಿ ಸಿಗುವವುಗಳಲ್ಲಿ ಬಹಳಷ್ಟು ಕನ್ನಡದಿಂದ ಇಂಗ್ಲಿಷಿಗೆ ಅರ್ಥ ಕೊಡುತ್ತವೆ. ಕನ್ನಡ ಮಾಧ್ಯಮದ ಮಗುವಿಗೆ ಒಂದು ಗೊತ್ತಿಲ್ಲದ ಪದದ ಬದಲಿಗೆ ಇನ್ನೊಂದು ಗೊತ್ತಿಲ್ಲದ ಪದ ಸಿಕ್ಕಂತಾಗುವ ಅಪಾಯ ಅಲ್ಲಿದೆ. ಯಂತ್ರಾನುವಾದವಂತೂ ಒಂಟಿ ಪದವನ್ನು ಕೊಟ್ಟಾಗ ವಾಕ್ಯವನ್ನು ನೋಡುವುದೇ ಇಲ್ಲ. ಮನೆಯಲ್ಲಿ ಒಂದು ಕನ್ನಡ–ಕನ್ನಡ ನಿಘಂಟು ಇರಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥಾಲಯದಲ್ಲಿ ನೋಡುವಂಥದು. ಅದೇ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಮನೆಗೆ ಸಾಕು.

‘ಖುಲಾಸೆ’ಯ ವಿಷಯದಲ್ಲಿ ನಿಮ್ಮ ಮಗಳು ಮಾಡಿದ ತಪ್ಪು ಬುದ್ಧಿವಂತರು ಮಾಡುವಂಥ ತಪ್ಪು. ಗೊತ್ತಿಲ್ಲದ ಕನ್ನಡ ಪದಕ್ಕೆ ಅವಳು ತನಗೆ ಗೊತ್ತಿದ್ದ ಮರಾಠಿಯಲ್ಲಿ ನಂಟನ್ನು ಹುಡುಕಿದಳು. ಆ ಪದ ಅರಬ್ಬಿಯಿಂದ ಬಂದದ್ದು. ಮರಾಠಿಯಲ್ಲಿ ಅದು ಸ್ಪಷ್ಟೀಕರಣವಾಯಿತು, ಕನ್ನಡದ ಕೋರ್ಟು ಕಚೇರಿಗಳಲ್ಲಿ ಬಿಡುಗಡೆಯಾಯಿತು. ವಿಜಯಪುರದಲ್ಲಿ ಸುಮಾರು ಇನ್ನೂರು ವರ್ಷ ನಡೆದ ಆದಿಲಶಾಹಿ ಆಡಳಿತ, ಅನಂತರದ ಮರಾಠರ ಆಳ್ವಿಕೆ, 1956ರವರೆಗೆ ಮುಂಬಯಿ ಪ್ರಾಂತ್ಯದೊಂದಿಗಿದ್ದ ಸಂಬಂಧ ಇವುಗಳಿಂದಾಗಿ ನಮ್ಮ ಭಾಗದ ಕಾಗದಪತ್ರಗಳಲ್ಲಿ ಇಂಥ ಪದಗಳು ತುಂಬಿಕೊಂಡಿವೆ. ದಫ್ತರ, ಫಿರ್ಯಾದಿ, ಜಪ್ತಿ, ವಹಿವಾಟು ಮುಂತಾದವುಗಳಲ್ಲಿ ಮರಾಠಿ ಬಲ್ಲವರಿಗೆ ಅರ್ಥ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ರೂಪ ಒಂದೇ ಇದ್ದು ಅರ್ಥ ಬೇರೆಯಾದವೂ ಇವೆ. ಮರಾಠಿಯಲ್ಲಿ ‘ರಾಗ’ ಎಂದರೆ ಸಿಟ್ಟು, ‘ಪ್ರಪಂಚ’ ಎಂದರೆ ಸಂಸಾರ, ‘ಅನುಮಾನ’ ಎಂದರೆ ತರ್ಕದಿಂದ ತಿಳಿದದ್ದು. ಕನ್ನಡದಲ್ಲಿ ಈ ಮೂರರ ಅರ್ಥ ಏನೆಂದು ಅವಳನ್ನೇ ಕೇಳಿ, ಎರಡು ಭಾಷೆಗಳನ್ನು ಎದುರುಬದುರು ಇಟ್ಟು ಬರೆಯಿಸಿ. ಎರಡು ಭಾಷೆ ಬಲ್ಲ ಮಗುವಿಗೆ ಇದು ಖುಷಿಯ ಕೆಲಸ.

ಅವಳ ಊಹೆ ತಪ್ಪೆಂದು ವಾಕ್ಯದಿಂದಲೇ ತಿಳಿಯುವ ದಾರಿಯೂ ಇತ್ತು. ತಲೆಬರಹದಲ್ಲಿ ಮೂರು ನಾಲ್ಕು ಪದಗಳಿರುತ್ತವೆ, ಪ್ರತ್ಯಯಗಳನ್ನು ಉದುರಿಸಿರುತ್ತಾರೆ. ಊಹೆಗೆ ಅದಕ್ಕಿಂತ ಬಡವಾದ ಜಾಗ ಇನ್ನೊಂದಿಲ್ಲ. ಸುದ್ದಿಯೊಳಗೆ ಹೋದರೆ ‘ಸಾಕ್ಷ್ಯಗಳ ಕೊರತೆಯಿಂದಾಗಿ ನ್ಯಾಯಾಲಯವು ಆರೋಪಿಯನ್ನು ಖುಲಾಸೆಗೊಳಿಸಿತು’ ಎಂಬಂಥ ವಾಕ್ಯ ಇದ್ದೇ ಇರುತ್ತದೆ. ‘ಆರೋಪಿಯನ್ನು’ ಎಂಬಲ್ಲಿರುವ ‘ಅನ್ನು’ ಪ್ರತ್ಯಯವನ್ನು ಗಮನಿಸಿದರೆ, ಕೆಲಸ ಮಾಡಿದ್ದು ನ್ಯಾಯಾಲಯ, ಅದು ನಡೆದದ್ದು ಆರೋಪಿಯ ಮೇಲೆ ಎಂದು ತಿಳಿಯುತ್ತದೆ. ಆರೋಪಿ ವಿವರಣೆ ಕೊಟ್ಟ ಎಂಬ ಊಹೆ ಅಲ್ಲಿಯೇ ಬಿದ್ದುಹೋಗುತ್ತದೆ. ವಿಭಕ್ತಿಪ್ರತ್ಯಯಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುತ್ತೇವೆ. ಅವುಗಳ ನಿಜವಾದ ಉಪಯೋಗ ಇಲ್ಲಿದೆ.

ಕನ್ನಡದಲ್ಲಿ ಅರ್ಥ ಹುಡುಕುವವರಿಗೆ ವಾಕ್ಯದ ಸುತ್ತಮುತ್ತ ಇರುವಷ್ಟೇ ಸುಳಿವು ಪದದ ಹೊಟ್ಟೆಯೊಳಗೂ ಇರುತ್ತದೆ. ಒಮ್ಮೆ ಬಸವಣ್ಣನವರ ವಚನ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು ‘ಕಳಿವು’ ಎಂದರೇನೆಂದು ಕೇಳಿದ. ನಿಘಂಟಿನಲ್ಲಿ ಹುಡುಕಿ ಸಿಗದೆ ಬಂದಿದ್ದ. ಅವನಿಗೆ ತೊಡಕಾಗಿದ್ದು ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂಬ ಸಾಲು. ಸ್ಥಾವರಕ್ಕೆ, ಅಳಿವು, ಉಂಟು ಎಂದು ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದೆ. ‘ಅಳಿವು ಉಳಿವಿನ ಪ್ರಶ್ನೆ’ ಎಂದು ಪತ್ರಿಕೆಯಲ್ಲಿ ಓದಿದ್ದೀಯಲ್ಲ ಎಂದ ಕೂಡಲೇ ಅಳಿವು ತಿಳಿಯಿತು. ಮೊಬೈಲಿಗೆ ಜಂಗಮವಾಣಿ ಎಂದು ಬರೆಯುತ್ತಾರೆ, ಏಕಿರಬಹುದು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅದು ನಮ್ಮ ಜೊತೆ ತಿರುಗಾಡುತ್ತದೆ ಎಂದಳು. ಜಂಗಮ ಎಂದರೆ ಚಲಿಸುವುದು ಎಂದಾದರೆ ಅದರ ಎದುರಿಗೆ ನಿಂತ ಸ್ಥಾವರ ಯಾವುದೆಂದು ಯಾರೂ ಹೇಳಬೇಕಾಗಲಿಲ್ಲ. ನಿಘಂಟನ್ನು ಮುಟ್ಟದೆ ಒಂದು ಸಾಲು ಪೂರ್ತಿ ಬಿಚ್ಚಿಕೊಂಡಿತು. ಕನ್ನಡ ಓದುವಾಗ ತೊಡಕಾಗುವ ಪದಗಳಲ್ಲಿ ಬಹಳಷ್ಟು ಹೀಗೆ ಗೊತ್ತಿರುವ ಪದಗಳೇ ಸಂಧಿಯಾಗಿ ಗುರುತು ಮರೆಸಿಕೊಂಡವು.

ಪದಗಳ ಮನೆತನವನ್ನೂ ಹೀಗೆಯೇ ಗುರುತಿಸಬಹುದು. ತಣ್ಣಗೆ, ತಂಪು, ತಂಗಾಳಿ, ತಂಗಳು ಎಂಬವೆಲ್ಲ ನಿಮ್ಮ ಮಗಳಿಗೆ ಗೊತ್ತು. ಕಾವ್ಯದಲ್ಲಿ ‘ತಂಗದಿರ’ ಬಂದಾಗ ಅದರ ಮೊದಲ ಅರ್ಧ ತಂಪು, ಉಳಿದದ್ದು ಕದಿರು ಅಂದರೆ ಕಿರಣ ಎಂದು ಬಿಡಿಸಿದರೆ ಚಂದ್ರ ತಾನೇ ಮೂಡುತ್ತಾನೆ. ನಿಮ್ಮ ಊರಿನ ಹೆಸರಿನಲ್ಲಿಯೇ ಇಂಥದೊಂದು ಪಾಠವಿದೆ. ರನ್ನ ಹುಟ್ಟಿದ ಮುಧೋಳದ ಹಳೆಯ ಹೆಸರು ಮುದುವೊಳಲ್. ಪೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. ಸಮಾಸದಲ್ಲಿ ಪಕಾರ ವಕಾರವಾಗಿ ‘ವೊಳಲ್’ ಆಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡುಗಳನ್ನು ಹೇಳುವಾಗ ಬರುವ ಕಿಸುವೊಳಲ್ ನಮ್ಮ ಜಿಲ್ಲೆಯ ಪಟ್ಟದಕಲ್ಲು. ಕಿಸು ಎಂದರೆ ಕೆಂಪು. ಮಲಪ್ರಭೆಯ ದಂಡೆಯ ಆ ಕೆಂಗಲ್ಲಿನ ಗುಡಿಗಳನ್ನು ನೋಡಿದ ಮಗುವಿಗೆ ಈ ಹೆಸರಿನ ಅರ್ಥ ಎಂದೂ ಮರೆಯದು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು ಎಂದು ಹೇಳಿಕೊಟ್ಟರೆ ಪೊಳಲ್ ಹೊಳಲಾಗಿ ಹೊಳಲ್ಕೆರೆಯ ಹೆಸರಿನಲ್ಲಿ ಕಾಣಿಸುತ್ತದೆ. ಪುಲಿ, ಪೂ, ಪೊಸ ಎಂಬವೂ ಸುಲಭವಾಗುತ್ತವೆ. ಒಂದು ಪದ ಬಿಡಿಸಿದರೆ ಹತ್ತು ಪದ ಬಿಚ್ಚಿಕೊಳ್ಳುವ ಈ ಕೆಲಸಕ್ಕೆ ಹಳಗನ್ನಡದ ಪದ್ಯಪಾಠಗಳೇ ಒಳ್ಳೆಯ ಜಾಗ.

ಇಲ್ಲಿಯೂ ಅಪಾಯವಿದೆ. ‘ಅ’ ಎಂದರೆ ಇಲ್ಲ ಎಂದು ಕಲಿತ ಮಗು ‘ಅಮೂಲ್ಯ’ ಎಂದರೆ ಬೆಲೆಯಿಲ್ಲದ್ದು, ಅಂದರೆ ಕೆಲಸಕ್ಕೆ ಬಾರದ್ದು ಎಂದುಕೊಳ್ಳುತ್ತದೆ. ಅದು ಬೆಲೆ ಕಟ್ಟಲಾಗದ್ದು ಎಂದು ವಾಕ್ಯವೇ ಹೇಳಬೇಕು. ‘ಅನುಪಮ’ದಲ್ಲಿರುವುದು ‘ಅನು’ ಅಲ್ಲ, ಉಪಮೆ ಇಲ್ಲದ್ದು ಎಂಬ ಅರ್ಥದ ‘ಅನ್’. ‘ನಿರ್ಮಾಣ’ದಲ್ಲಿ ‘ನಿರ್’ ಇದ್ದರೂ ಇಲ್ಲವೆಂಬ ಅರ್ಥವಿಲ್ಲ. ಪದವನ್ನು ಬಿಡಿಸಿ ಪಡೆದ ಅರ್ಥವನ್ನು ಮತ್ತೆ ವಾಕ್ಯಕ್ಕೆ ಹಚ್ಚಿ ನೋಡದೆ ನಂಬಬಾರದು.

ನಿಮ್ಮನ್ನು ಹೆಚ್ಚು ನೋಯಿಸಿದ ಮಾತಿಗೆ, ಅಂದರೆ ಮನೆಯ ಕನ್ನಡದ ವಿಷಯಕ್ಕೆ, ಈಗ ಉತ್ತರಿಸುತ್ತೇನೆ. ಹಳ್ಳಿಯ ಕನ್ನಡದಿಂದ ಓದು ಕೆಡುತ್ತದೆ ಎಂಬುದು ನಿಜವಲ್ಲ, ಮತ್ತು ಈ ಮಾತನ್ನು ಮಗಳ ಕಿವಿಗೆ ಬೀಳಗೊಡಬೇಡಿ. ನಿಮ್ಮ ಮನೆಯಲ್ಲಿ ‘ನಾ ಒಲ್ಲೆ’ ಎನ್ನುತ್ತೀರಿ. ಬೆಂಗಳೂರು, ಮೈಸೂರು ಕಡೆಯ ಆಡುಮಾತಿನಲ್ಲಿ ಆ ಪದ ಹೆಚ್ಚಾಗಿ ಕೇಳಿಸುವುದಿಲ್ಲ. ‘ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಳು’ ಎಂದು ಪುಸ್ತಕದಲ್ಲಿ ಬಂದಾಗ ನಿಮ್ಮ ಮಗಳಿಗೆ ನಿಘಂಟು ಬೇಕಿಲ್ಲ. ‘ಒಲ್ಲದ’ ಎಂಬುದು ತನ್ನ ‘ಒಲ್ಲೆ’ಯ ನಂಟ ಎಂದು ಗುರುತಿಸಿದರೆ ಸಾಕು. ಮಾಡದಲ್ಲಿಟ್ಟ ಡಬ್ಬಿ ಕೈಗೆ ಸಿಗದಿದ್ದಾಗ ‘ನಿಲುಕವಲ್ದು’ ಎನ್ನುತ್ತೇವೆ. ‘ಊಹೆಗೂ ನಿಲುಕದ ಸಂಗತಿ’ ಎಂಬ ಗ್ರಂಥದ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ಯಾವ ಕೋಶದಲ್ಲಿಯೂ ಇರಲಾರದು. ಅಷ್ಟೇ ಅಲ್ಲ, ಆ ‘ವಲ್ದು’ ಕೂಡ ‘ಒಲ್ಲದು’ ಎಂಬುದರಿಂದಲೇ ಬಂದದ್ದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ನಮ್ಮ ಭಾಗದ ಪದಗಳಿಗೆ, ಆಗಿನ ವಾಡಿಕೆಯಂತೆ ದಕ್ಷಿಣ ಮರಾಠಾ ಸೀಮೆಯವು ಎಂಬ ಗುರುತು ಹಾಕಿ, ಉಳಿದ ಕನ್ನಡದ ಸಾಲಿನಲ್ಲಿಯೇ ಗೌರವದಿಂದ ಕೂಡ್ರಿಸಲಾಗಿದೆ. ನಿಮ್ಮ ಮಾವನವರು ಇಂಥ ಎಷ್ಟು ಪದಗಳನ್ನು ಬಲ್ಲರೋ! ಕೂರಿಗೆ, ಹಗೇವು, ಎರೆ, ಮಸಾರಿ ಎಂಬ ಒಕ್ಕಲುತನದ ಪದಗಳು ಪಾಠದಲ್ಲಿ ಬಂದಾಗ ಅರ್ಥಕೋಶಕ್ಕಿಂತ ಮೊದಲು ಅವರನ್ನೇ ಕೇಳುವುದು ಸರಿ.

ತೊಡಕು ಇರುವುದು ಒಂದೇ ವಸ್ತುವಿಗೆ ಎರಡು ಹೆಸರಿರುವಲ್ಲಿ, ಅಥವಾ ಒಂದೇ ಹೆಸರಿಗೆ ಎರಡು ಅರ್ಥವಿರುವಲ್ಲಿ. ನಮ್ಮ ಶೇಂಗಾ ಪುಸ್ತಕದಲ್ಲಿ ಕಡಲೆಕಾಯಿಯಾಗುತ್ತದೆ, ಕಟ್ಟಿಗೆ ಸೌದೆಯಾಗುತ್ತದೆ. ಇವುಗಳಿಗೆ ಊಹಿಸು ಎಂದು ಮಗುವನ್ನು ಕಾಡುವುದು ಸಮಯದ ನಷ್ಟ, ನೇರವಾಗಿ ಹೇಳಿಬಿಡಬೇಕು. ಬೇವಿನ ಗಿಡ ಎನ್ನುವ ನಮ್ಮಲ್ಲಿ ಗಿಡವೆಂದರೆ ಮರವೂ ಹೌದು. ಪುಸ್ತಕದಲ್ಲಿ ಗಿಡ ಬೇರೆ, ಮರ ಬೇರೆ. ‘ಅರಿವೇ ಗುರು’ ಎಂಬ ಶರಣರ ಮಾತನ್ನು ಓದಿದ ಹುಡುಗನೊಬ್ಬ ‘ಅರಿವಿ ಅಂದ್ರ ಬಟ್ಟಿ’ ಎಂದು ಉತ್ತರ ಕೊಟ್ಟಿದ್ದ. ಬಟ್ಟೆ ಗುರುವಾಗುವುದು ಹೇಗೆ ಎಂದು ತನ್ನನ್ನೇ ಕೇಳಿಕೊಂಡಿದ್ದರೆ ಅವನೇ ತಿದ್ದಿಕೊಳ್ಳುತ್ತಿದ್ದ. ಹಾಗೆ ಕೇಳಿಕೊಳ್ಳುವ ರೂಢಿಯನ್ನು ನಾವು ಅವನಿಗೆ ಮಾಡಿಸಿರಲಿಲ್ಲ.

ಇನ್ನು ಮನೆಯಲ್ಲಿ ಏನು ಮಾಡಬೇಕು ಎಂಬುದು. ಗೊತ್ತಿಲ್ಲದ ಪದ ಬಂದ ಕೂಡಲೇ ಓದು ನಿಲ್ಲಿಸಬಾರದು. ವಾಕ್ಯವನ್ನು, ಸಾಧ್ಯವಾದರೆ ಪ್ಯಾರಾವನ್ನು ಮುಗಿಸಲಿ. ಕೆಲವು ಪದಗಳು ಮುಂದಿನ ಸಾಲಿನಲ್ಲಿ ತಾವೇ ತಿಳಿಯಾಗುತ್ತವೆ. ತಿಳಿಯಾಗದೆ ಉಳಿದ ಪದ ಇಲ್ಲದಿದ್ದರೂ ವಿಷಯ ಅರ್ಥವಾಗುವಂತಿದ್ದರೆ ಬಿಟ್ಟು ಮುಂದೆ ಹೋಗಲಿ. ಬಿಡುವುದರಲ್ಲಿ ಒಂದು ಅಪಾಯವಿದೆ: ಬಿಡುವುದೇ ರೂಢಿಯಾದರೆ ಬಿಟ್ಟ ಪದವೇ ಪ್ಯಾರಾದ ತಿರುಳಾಗಿರಬಹುದು. ಆದ್ದರಿಂದ ಒಂದೇ ಪದ ಎರಡನೆಯ ಸಲ ಬಂದರೆ ಬಿಡಬಾರದೆಂಬ ನಿಯಮ ಮಾಡಿಕೊಳ್ಳಲಿ. ಅಂಥ ಪದಕ್ಕೆ ಮೊದಲು ಸುತ್ತಲಿನ ಸಾಕ್ಷಿ, ಅನಂತರ ಪದವನ್ನು ಬಿಡಿಸುವುದು, ಆಮೇಲೆ ಮನೆಯ ಹಿರಿಯರು, ಕೊನೆಗೆ ನಿಘಂಟು. ಕಾನೂನು, ವಿಜ್ಞಾನ, ಔಷಧ ಇವುಗಳ ಪಾರಿಭಾಷಿಕ ಪದಗಳಿಗೆ ಮಾತ್ರ ಈ ಸರದಿ ಬೇಡ, ಅಲ್ಲಿ ಊಹೆ ಸಲ್ಲದು. ನೇರವಾಗಿ ನಿಘಂಟನ್ನೋ ಬಲ್ಲವರನ್ನೋ ಕೇಳಬೇಕು.

ದಿನಕ್ಕೆ ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಹುಡುಕಿಸಬೇಡಿ ಎಂದು ಮಾವನವರಿಗೆ ನನ್ನ ಪರವಾಗಿ ಕೇಳಿಕೊಳ್ಳಿ. ಅವರು ಎದುರಿಗೆ ಕೂಡುವುದನ್ನು ನಿಲ್ಲಿಸುವುದು ಬೇಡ. ಅಂಥ ಅಜ್ಜ ಇರುವ ಮಕ್ಕಳು ಕಡಿಮೆ. ‘ಅರ್ಥ ನೋಡು’ ಎನ್ನುವ ಬದಲು ‘ನಿನಗೆ ಏನನ್ನಿಸಿತು, ಯಾಕೆ ಅನ್ನಿಸಿತು?’ ಎಂದು ಅವರು ಕೇಳಲಿ, ಅನಂತರ ಇಬ್ಬರೂ ಕೂಡಿ ನಿಘಂಟು ತೆರೆಯಲಿ. ಪದ ಬರೆದುಕೊಳ್ಳುವ ವಹಿಯಲ್ಲಿ ಪದ, ಅರ್ಥ ಎಂದು ಎರಡು ಸಾಲು ಎಳೆಯುವುದರಿಂದ ಹೆಚ್ಚು ಲಾಭವಿಲ್ಲ. ‘ಕಮರಿ: ಕಣಿವೆ’ ಎಂಬಂಥ ತಪ್ಪು ಅಲ್ಲಿ ಯಾರಿಗೂ ಕಾಣದೆ ಉಳಿದುಬಿಡುತ್ತದೆ. ಪದ ಬಂದ ವಾಕ್ಯವನ್ನು ಪೂರ್ತಿ ಬರೆದು, ಅದರ ಕೆಳಗೆ ತನ್ನ ಊಹೆ, ಅದರ ಕೆಳಗೆ ನಿಘಂಟಿನ ಅರ್ಥ, ಕೊನೆಗೆ ಅದೇ ಪದ ಹಚ್ಚಿ ಮನೆಯ ಅಥವಾ ಊರಿನ ಸಂಗತಿಯ ಮೇಲೆ ತಾನೇ ಮಾಡಿದ ಒಂದು ವಾಕ್ಯ ಬರೆಯಲಿ. ಪರೀಕ್ಷೆಯ ಕೊಠಡಿಯಲ್ಲಿ ಓದದ ಗದ್ಯಭಾಗ ಬಂದಾಗ ಕೈಯಲ್ಲಿ ನಿಘಂಟು ಇರುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಈ ವಹಿಯಲ್ಲಿ ಮಾಡಿದ ಊಹೆಗಳ ಅಭ್ಯಾಸ.

ಪುಸ್ತಕದ ಆಯ್ಕೆಯ ಬಗ್ಗೆ ಒಂದು ಮಾತು. ಪುಟವೊಂದರಲ್ಲಿ ನಾಲ್ಕೈದು ಹೊಸ ಪದ ಸಿಕ್ಕರೆ ಆ ಪುಸ್ತಕ ಅವಳಿಗೆ ಸರಿಯಾಗಿದೆ. ಸಾಲಿಗೊಂದು ಸಿಗುತ್ತಿದ್ದರೆ ಅದನ್ನು ಆರು ತಿಂಗಳು ಬದಿಗಿಟ್ಟು ಹಗುರವಾದುದನ್ನು ಕೊಡಿ, ಅದರಿಂದ ಅವಮಾನವೇನೂ ಇಲ್ಲ. ಒಂದೇ ವಿಷಯದ ಸುದ್ದಿಯನ್ನು ವಾರವಿಡೀ ಓದಿಸುವುದೂ ಒಳ್ಳೆಯದು. ಆಲಮಟ್ಟಿ ಜಲಾಶಯದ ಸುದ್ದಿಯನ್ನೇ ತೆಗೆದುಕೊಳ್ಳಿ: ಒಳಹರಿವು, ಹೊರಹರಿವು, ಹಿನ್ನೀರು, ಕ್ಯೂಸೆಕ್ ಎಂಬ ಪದಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತವೆ, ಮೂರನೆಯ ದಿನದ ಹೊತ್ತಿಗೆ ಯಾರೂ ಕಲಿಸದೆ ನಿಲ್ಲುತ್ತವೆ.

ಮೂರು ತಿಂಗಳು ಹೀಗೆ ನಡೆಸಿ ನೋಡಿ. ಆಮೇಲೆಯೂ ನೀವು ಓದಿ ಹೇಳಿದ ಸರಳ ಕಥೆ ಅವಳಿಗೆ ತಿಳಿಯದಿದ್ದರೆ, ಅಥವಾ ಓದುವಾಗ ಕಣ್ಣು ಉಜ್ಜಿಕೊಳ್ಳುವುದು, ತಲೆನೋವು ಎನ್ನುವುದು ಕಂಡುಬಂದರೆ, ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ ನನಗೆ ಮತ್ತೊಮ್ಮೆ ಬರೆಯಿರಿ. ಬರೆಯುವಾಗ ಆ ವಹಿಯ ಎರಡು ಪುಟಗಳನ್ನು, ತಪ್ಪಿದ ಊಹೆಗಳನ್ನು ಅಳಿಸದೆ, ಜೊತೆಗೆ ಕಳಿಸಿರಿ. ಅವಳು ಎಲ್ಲಿ ಎಡವುತ್ತಿದ್ದಾಳೆ ಎಂಬುದು ನನಗೆ ಅವುಗಳಿಂದಲೇ ತಿಳಿಯುತ್ತದೆ.